ಗಾಳ ಬೀಳುವಲ್ಲಿ ಕಾಲಿಡಬೇಡಿ

(ಯಲಹಂಕ ಸಮೀಪದ ಅಟ್ಟೂರಿನಲ್ಲಿ ಬಡಾವಣೆಯ ನಿವಾಸಿಗಳು ಏರ್ಪಡಿಸಿದ್ದ ಭಾನುವಾರದ ಮಾತುಕತೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಕಡಲಿನ ಮೀನುಗಾರಿಕೆಯ ಬಗ್ಗೆ ಅಟ್ಟೂರಿನಲ್ಲಿ ನಿಂತು ಮಾತನಾಡುವುದು ವಿಚಿತ್ರವೆಂದು ತಮಗೆ ಅನ್ನಿಸಬಹುದು. ಸಮುದ್ರದೊಂದಿಗೆ ನಮ್ಮ ನಂಟು ಎಷ್ಟು ಎಂದರೆ, ಯಲಹಂಕ ರೈಲು ನಿಲ್ದಾಣದ ಹಳದಿ ಫಲಕದ ಮೂಲೆಯಲ್ಲಿ 'ಸಮುದ್ರ ಮಟ್ಟದಿಂದ ಇಷ್ಟು ಮೀಟರ್' ಎಂದು ಬರೆದಿರುತ್ತದಲ್ಲ, ಅಷ್ಟೇ. ನಾವು ಸುಮಾರು 900 ಮೀಟರ್ ಮೇಲಿದ್ದೇವೆ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ಆದರೂ ಇಲ್ಲಿ ಕುಳಿತಿರುವ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗಳವರು ಡಿಸೆಂಬರ್ ರಜೆಯಲ್ಲೋ ಬೇಸಿಗೆಯಲ್ಲೋ ಗೋಕರ್ಣ, ಮುರುಡೇಶ್ವರ, ಮಲ್ಪೆ ಎಂದು ಹೊರಡುವವರೇ. ಅದಕ್ಕಾಗಿಯೇ ಈ ವಿಷಯ ಆರಿಸಿಕೊಂಡೆ.

ಗಾಳದ ಮೊದಲ ಪಾಠ ನನಗೆ ಆದದ್ದು ಇಲ್ಲೇ, ಅಟ್ಟೂರು ಕೆರೆಯ ಏರಿಯ ಮೇಲೆ. ಒಂದು ಬಿದಿರು ಕಡ್ಡಿ, ಎರಡು ಮಾರು ನೈಲಾನ್ ದಾರ, ಜೋಳದ ಬೆಂಡಿನ ತುಂಡು, ಮೋರಿ ಪಕ್ಕದಲ್ಲಿ ಅಗೆದು ತೆಂಗಿನ ಚಿಪ್ಪಿನಲ್ಲಿ ಕೂಡಿಟ್ಟ ಎರೆಹುಳ. ಎರೆಹುಳ ಸಿಗದ ದಿನ ಅಮ್ಮನ ಕಣ್ಣು ತಪ್ಪಿಸಿ ತಂದ ರಾಗಿ ಮುದ್ದೆಯ ಚೂರು. ಸಿಗುತ್ತಿದ್ದದ್ದು ಹೆಚ್ಚಾಗಿ ಜಿಲೇಬಿ ಮೀನು. ಕೆರೆಯ ಮೀನಿನ ಗುತ್ತಿಗೆ ಹಿಡಿದವರು ಕಂಡರೆ ಓಡಬೇಕು, ಅದೂ ಆಟದ ಒಂದು ಭಾಗವೇ ಆಗಿತ್ತು. ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಕೆರೆಯ ಗಾಳದಲ್ಲಿ ನೀರು ನಿಂತಿರುತ್ತದೆ. ನೀವು ಕಾಯುತ್ತೀರಿ, ಮೀನು ಬರುತ್ತದೆ. ಬೆಂಡು ಮುಳುಗಿದರೆ ಎಳೆಯುತ್ತೀರಿ. ನೀರನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಹೀಗೆ ಬೆಳೆದವನು ಕಡಲ ದಡಕ್ಕೆ ಹೋದರೆ ಏನಾಗುತ್ತದೆಂಬುದನ್ನು ಆಮೇಲೆ ಹೇಳುತ್ತೇನೆ.

ನಿಂತ ನೀರಿನ ಗಾಳಕ್ಕೆ ನಮ್ಮ ನಾಡಿನಲ್ಲಿ ಬರಹದ ದಾಖಲೆಯೇ ಇದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ (ಆಳ್ವಿಕೆ 1126ರಿಂದ 1138) ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದ ಹೆಸರು ತಾವು ಕೇಳಿರಬಹುದು. ಅಡುಗೆ, ಸಂಗೀತ, ಆನೆ, ಕುದುರೆ ಎಲ್ಲವೂ ಇರುವ ಆ ಮಹಾಗ್ರಂಥದಲ್ಲಿ 'ಮತ್ಸ್ಯವಿನೋದ' ಎಂದೊಂದು ಅಧ್ಯಾಯವಿದೆ. ಅದು ಪೂರ್ತಿ ಗಾಳ ಹಾಕುವುದರ ಬಗ್ಗೆ. ಸುಮಾರು 35 ಬಗೆಯ ಮೀನುಗಳ ಹೆಸರು, ಅವುಗಳಲ್ಲಿ ಹೊಳೆಯವು ಯಾವುವು, ಕಡಲಿನವು ಯಾವುವು, ಪೊರೆ ಇರುವವು, ಇಲ್ಲದವು, ಯಾವುದಕ್ಕೆ ಏನು ತಿನ್ನಿಸಬೇಕು, ದಾರ ಯಾವ ನಾರಿನದು, ಕೊಕ್ಕೆ ಹೇಗಿರಬೇಕು ಎಂಬ ವಿವರಗಳಿವೆ. ಎಳ್ಳು, ಕಡಲೆ ಹಿಟ್ಟು, ಅನ್ನದ ಉಂಡೆ, ಮಾಂಸ ತಿನ್ನುವ ಮೀನಿಗೆ ಮಾಂಸದ ತುಂಡು - ನಮ್ಮ ರಾಗಿ ಮುದ್ದೆಯ ಚೂರಿಗೆ ಒಂಬತ್ತು ನೂರು ವರ್ಷದ ಅಣ್ಣಂದಿರು! ಈ ಅಧ್ಯಾಯವನ್ನು 1951ರಲ್ಲಿ ವಿದ್ವತ್ ಲೋಕಕ್ಕೆ ಪರಿಚಯಿಸಿದವರು ಹೆಸರಾಂತ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ನಾವೇ ಮೊದಲು ಎಂದು ಬೀಗಲು ಇದನ್ನು ಹೇಳುತ್ತಿಲ್ಲ. ಅದು ಆಳುಕಾಳುಗಳ ನಡುವೆ ದಡದಲ್ಲಿ ಆರಾಮವಾಗಿ ಕುಳಿತು ಆಡುವ ಅರಸನ ಆಟ ಎಂಬುದನ್ನು ಮರೆಯಬಾರದು.

ಮುಂದೆ ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯ ಬಗ್ಗೆ ದೊಡ್ಡ ಪುಸ್ತಕ ಬರೆದ. ಅದು ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿಯೇ. ಬರೀ ಕೆರೆಯ ಗಾಳಕ್ಕೆಂದೇ 1887ರಲ್ಲಿ ಇನ್ನೊಂದು ಪುಸ್ತಕ ಬರೆದ. ಕಲೆಕ್ಟರ್ ಸಾಹೇಬರಿಗೆ ಕಚೇರಿಯಲ್ಲಿ ಬಿಡುವು ಎಷ್ಟಿತ್ತು ಎಂದು ನನಗೆ ಈಗಲೂ ಹೊಟ್ಟೆಕಿಚ್ಚು.

ಈಗ ಕಡಲಿಗೆ ಬರೋಣ. 2022ರಲ್ಲಿ ಕೆಲಸದ ಮೇಲೆ ಕೆಲವು ತಿಂಗಳು ಉಡುಪಿ ಜಿಲ್ಲೆಯಲ್ಲಿದ್ದೆ. ಮಳೆಗಾಲ ಮುಗಿದ ಮೇಲಿನ ಒಂದು ಬೆಳಿಗ್ಗೆ ಬೈಂದೂರಿನ ಸೋಮೇಶ್ವರ ತೀರಕ್ಕೆ ಹೋದೆ. (ಅರಸ ಸೋಮೇಶ್ವರನಿಗೂ ಈ ಊರಿಗೂ ಸಂಬಂಧವಿಲ್ಲ, ಇಲ್ಲಿರುವುದು ಈಶ್ವರನ ಗುಡಿ.) ಎಡಬಲಕ್ಕೆ ಅಲೆಗಳು ಬೆಳ್ಳಗೆ ಒಡೆದು ಬೀಳುತ್ತಿದ್ದವು. ನಡುವೆ ಒಂದು ಇಪ್ಪತ್ತು ಮಾರಿನಷ್ಟು ಅಗಲ ಅಲೆಯೇ ಇಲ್ಲ, ನೊರೆಯೂ ಇಲ್ಲ, ನೀರು ಸ್ವಲ್ಪ ಕಪ್ಪಗೆ ನಮ್ಮ ಕೆರೆಯ ಹಾಗೆ ತಣ್ಣಗಿತ್ತು. ನನಗೆ ಈಜು ಬರುತ್ತದೆ. ಅಂಗಿ ಬಿಚ್ಚಿಟ್ಟು, ಅಲೆಯ ಕಾಟವಿಲ್ಲದ ಆ ಜಾಗವನ್ನೇ ನೋಡಿಕೊಂಡು ಇಳಿದೆ. ಮೊಣಕಾಲು, ತೊಡೆ, ಸೊಂಟ. ಸೊಂಟಕ್ಕೆ ಬರುತ್ತಿದ್ದಂತೆ ಕಾಲಡಿಯ ಮರಳು ಜಾರತೊಡಗಿತು. ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಎನ್ನಿಸಿತು.

"ಹ್ವಾಯ್, ಅಲ್ ಇಳುಕಾಗ!" ಎಂಬ ಕೂಗು ಕೇಳಿದ್ದು ಆಗಲೇ. ಐವತ್ತು ಹೆಜ್ಜೆ ಆಚೆ ಗಾಳ ಹಾಕುತ್ತಿದ್ದ ವಯಸ್ಸಾದವರೊಬ್ಬರು. ಕೈ ಬೀಸಿ, ದಡದ ಕಡೆಗಲ್ಲ, ಪಕ್ಕಕ್ಕೆ, ನೊರೆ ಇರುವ ಕಡೆಗೆ ಬರಲು ತೋರಿಸುತ್ತಿದ್ದರು. ಕಾಲು ಇನ್ನೂ ನೆಲಕ್ಕೆ ತಾಗುತ್ತಿತ್ತಾದ್ದರಿಂದ ಅಡ್ಡಡ್ಡ ನಡೆದು ಪಾರಾದೆ. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ಈ ಭಾಷಣ ಮಾಡಲು ನೀವು ಬೇರೆಯವರನ್ನು ಕರೆಯಬೇಕಾಗುತ್ತಿತ್ತು.

ಅವರು ಬೈಯಲಿಲ್ಲ. ನಾನು ಅಂಗಿ ಹಾಕಿಕೊಂಡು ಅವರ ಪಕ್ಕದಲ್ಲಿ ನಿಂತೆ. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆಯ ಮೇಲೆ ದಾರ ಬೀಸಿ ಗಾಳ ಎಸೆದರು. ಅದು ಹೋಗಿ ಬಿದ್ದದ್ದು ನಾನು ಇಳಿದಿದ್ದ ಆ ಕಪ್ಪು ನೀರಿನ ಅಂಚಿಗೇ. "ಮೀನು ಅಲ್ಲೇ ಇರುವುದು" ಎಂದರು.

ಅಂದಿನಿಂದ ಬೆಳಗಿನ ಹೊತ್ತು ಎಷ್ಟೋ ದಿನ ಅವರ ಜೊತೆ ನಿಂತಿದ್ದೇನೆ. ಮೀನು ಅಲ್ಲೇ ಯಾಕಿರುತ್ತದೆ, ನಾನು ಅಲ್ಲಿಗೆ ಯಾಕೆ ಇಳಿಯಬಾರದಿತ್ತು ಎಂಬ ಎರಡು ಪ್ರಶ್ನೆಗೂ ಉತ್ತರ ಒಂದೇ ಎಂಬುದು ನಿಧಾನವಾಗಿ ಅರ್ಥವಾಯಿತು. ಅವರು ಕೈಯಲ್ಲಿ ತೋರಿಸಿದ್ದನ್ನು ಆಮೇಲೆ ಪುಸ್ತಕಗಳಲ್ಲಿ ಓದಿಕೊಂಡೆ. ಎರಡನ್ನೂ ಕೂಡಿಸಿ ಹೇಳುತ್ತೇನೆ.

ಮರಳ ದಡದ ಮುಂದೆ ಕಡಲಿನ ತಳ ಚಪ್ಪಟೆ ಇರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ನೀರಿನಡಿ ಮರಳಿನ ದಿಣ್ಣೆಗಳಿರುತ್ತವೆ. ದಿಣ್ಣೆಗೂ ದಡಕ್ಕೂ ನಡುವೆ ಒಂದು ತಗ್ಗು, ಓಣಿಯ ಹಾಗೆ. ಕಣ್ಣಿಗೆ ಕಾಣದ ಈ ನಕ್ಷೆಯನ್ನು ಅಲೆಗಳು ಮೇಲೆಯೇ ಬರೆದು ತೋರಿಸುತ್ತವೆ. ಅಲೆಯೊಂದು ತನ್ನ ಎತ್ತರಕ್ಕಿಂತ ತುಸು ಹೆಚ್ಚು ಆಳವಿರುವ ನೀರಿಗೆ ಬಂದಾಗ ಒಡೆಯುತ್ತದೆ. ಲೆಕ್ಕ ಹೇಳುವುದಾದರೆ, ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ಅಂದರೆ ಎಲ್ಲಿ ಬಿಳಿ ನೊರೆ ಇದೆಯೋ ಅಲ್ಲಿ ದಿಣ್ಣೆ ಇದೆ, ನೀರು ಕಡಿಮೆ. ಎಲ್ಲಿ ಅಲೆ ಒಡೆಯುತ್ತಿಲ್ಲವೋ ಅಲ್ಲಿ ಆಳ.

ಈಗ, ದಿಣ್ಣೆಯ ಮೇಲೆ ಹಾರಿ ಒಳಗೆ ಬಂದ ನೀರೆಲ್ಲ ಎಲ್ಲಿಗೆ ಹೋಗಬೇಕು? ಅಲೆಯ ಮೇಲೆ ಅಲೆ ಬರುತ್ತಲೇ ಇರುತ್ತದೆ, ಓಣಿ ತುಂಬುತ್ತದೆ. ಆ ನೀರು ಓಣಿಯಲ್ಲಿ ಅಡ್ಡಲಾಗಿ ಹರಿದು, ದಿಣ್ಣೆ ಎಲ್ಲಿ ಕಡಿದಿದೆಯೋ ಆ ಬಾಗಿಲಿನಿಂದ ಕಡಲಿಗೆ ವಾಪಸಾಗುತ್ತದೆ. ಕೆರೆ ತುಂಬಿದಾಗ ಕೋಡಿ ಹರಿಯುತ್ತದಲ್ಲ, ಹಾಗೆಯೇ. ನಾನು ಇಳಿದಿದ್ದು ಕಡಲಿನ ಕೋಡಿಗೆ. ಇದಕ್ಕೆ ಸೆಳವು ಎನ್ನುತ್ತಾರೆ. ಸಾಮಾನ್ಯವಾಗಿ ಇದರ ವೇಗ ಸೆಕೆಂಡಿಗೆ ಒಂದೆರಡು ಅಡಿ. ಜೋರಿದ್ದಾಗ ಎಂಟು ಅಡಿವರೆಗೂ ಅಳೆದದ್ದುಂಟು. ಅಷ್ಟು ವೇಗಕ್ಕೆ ಎದುರು ಈಜುವುದು ಒಲಿಂಪಿಕ್ ಈಜುಗಾರನಿಗೂ ಆಗದ ಮಾತು.

ಆ ಓಣಿಯೇ ಮೀನಿನ ಊಟದ ಮನೆ. ಅಲೆ ಮರಳನ್ನು ಕಲಕಿದಾಗ ಅದರಲ್ಲಿ ಹುದುಗಿದ್ದ ಹುಳ, ಸಣ್ಣ ಏಡಿ, ಚಿಪ್ಪಿನ ಜೀವಿಗಳು ಮೇಲೇಳುತ್ತವೆ. ಎಲ್ಲವನ್ನೂ ನೀರು ಓಣಿಗೆ ತಳ್ಳುತ್ತದೆ, ಓಣಿಯಿಂದ ಬಾಗಿಲಿಗೆ ತರುತ್ತದೆ. ಮೀನು ಬಾಗಿಲ ಅಂಚಿನಲ್ಲಿ ಕಾದು ನಿಂತರೆ ಸಾಕು, ಬಡಿಸುವುದು ಕಡಲಿನ ಕೆಲಸ. ಕೆರೆಯಲ್ಲಿ ಎರೆ ಇರುವಲ್ಲಿಗೆ ಮೀನು ಬರಬೇಕು. ಇಲ್ಲಿ ಎರೆ ಸಹಜವಾಗಿ ಹರಿದು ಬರುವ ದಾರಿಯಲ್ಲಿ ನಿಮ್ಮ ಎರೆಯನ್ನೂ ಸೇರಿಸಬೇಕು, ಅಷ್ಟೇ ವಿದ್ಯೆ. ದೂರ ಎಸೆಯುವುದೇ ಜಾಣತನ ಎಂದು ನಾನು ತಿಳಿದಿದ್ದೆ. ಹೊಸಬರೆಲ್ಲ ಹಾಗೆಯೇ ತಿಳಿಯುತ್ತಾರಂತೆ. ಎಷ್ಟೋ ಬೆಳಿಗ್ಗೆ ಅವರು ಗಾಳವನ್ನು ದಡದಿಂದ ಹತ್ತು ಹದಿನೈದು ಮಾರಿನಾಚೆಗೆ ಬಿಟ್ಟದ್ದೇ ಇಲ್ಲ.

ಅವರ ಸಾಮಾನು ಹೆಚ್ಚಿರಲಿಲ್ಲ. ಮರದ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಗುಂಡಿಗಿಂತ ಸ್ವಲ್ಪ ಮೇಲೆ ಎರಡು ಕೊಕ್ಕೆ. ಪಕ್ಕದಲ್ಲಿ ನಿಲ್ಲುವ ಹುಡುಗರ ಕೈಯಲ್ಲಿ ಫೈಬರ್ ಕೋಲು, ತಿರುಗುವ ರೀಲು ಎಲ್ಲ ಇರುತ್ತಿತ್ತು. ಅಲೆಯಲ್ಲಿ ಬೆಂಡು ನಿಲ್ಲುವುದಿಲ್ಲವಾದ್ದರಿಂದ ಬೆಂಡಿಲ್ಲ. ಎರೆಯನ್ನು ತಳದಲ್ಲಿ ಹಿಡಿದಿಡುವುದು ಸೀಸ. ಸೀಸ ಹಗುರವಾದರೆ ನೀರು ಎಳೆದು ದಡಕ್ಕೆ ತರುತ್ತದೆ, ಭಾರವಾದರೆ ಮರಳಿನಲ್ಲಿ ಹೂತುಹೋಗುತ್ತದೆ. ಅಂದಿನ ಅಲೆ ನೋಡಿ ತೂಕ ಬದಲಿಸಬೇಕು. ಮೀನು ಕಚ್ಚಿದ್ದು ತಿಳಿಯುವುದು ತೋರುಬೆರಳಿನ ಮೇಲೆ ಹಾಯ್ದ ದಾರದಿಂದ. ನನಗೆ ಮೊದಮೊದಲು ಎಲ್ಲ ಎಳೆತವೂ ಮೀನೇ ಅನ್ನಿಸುತ್ತಿತ್ತು. ಅಲೆಗೆ ತಾಳ ಇದೆ, ಮೀನಿಗೆ ಇಲ್ಲ, ತಾಳ ತಪ್ಪಿದಾಗ ಎಳಿ ಎಂದರು. ಕಲಿಯಲು ಎರಡು ವಾರ ಬೇಕಾಯಿತು.

ಎರೆಯ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಪೇಟೆಯಿಂದ ತಂದ ಸಿಗಡಿ ಸುಲಭದ ಎರೆ. ಬೂತಾಯಿಯ ಉದ್ದುದ್ದ ತುಂಡು ಇನ್ನೊಂದು. ಅದರ ಎಣ್ಣೆಯ ವಾಸನೆ ನೀರಿನಲ್ಲಿ ದೂರ ಹರಡುತ್ತದೆ, ಆದರೆ ಮೆತ್ತಗಾದ್ದರಿಂದ ಎರಡು ಎಸೆತಕ್ಕೆ ಕಳಚುತ್ತದೆ, ದಾರ ಸುತ್ತಿ ಕಟ್ಟಬೇಕು. ಅಳಿವೆಯ ಕಡೆ ಸಿಗುವ ಬಳಚಿನ ಮಾಂಸವೂ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯ ಎರೆ ಕಾಲಡಿಯಲ್ಲೇ ಇರುತ್ತದೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳಿನ ಮೇಲೆ ಸಣ್ಣ ಸಣ್ಣ 'ವಿ' ಆಕಾರದ ಗುರುತು ಮೂಡುವುದನ್ನು ತಾವು ಕಂಡಿರಬಹುದು. ಅಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ, ಮೊಟ್ಟೆಯಾಕಾರದ ಏಡಿಯಂಥ ಜೀವಿಯೊಂದು ಹಿಂದುಹಿಂದಾಗಿ ಮರಳು ಕೊರೆದು ಕುಳಿತಿರುತ್ತದೆ. ಮೀಸೆಗಳನ್ನು ಮಾತ್ರ ಹೊರಗೆ ಚಾಚಿ, ಹಿಂದಿರುಗುವ ನೀರಿನಲ್ಲಿ ತೇಲಿಬರುವುದನ್ನು ಸೋಸಿ ತಿನ್ನುತ್ತದೆ. ಅಲೆ ಬಂದ ಕೂಡಲೇ ಎರಡು ಕೈಯಲ್ಲಿ ಮರಳು ಬಾಚಿದರೆ ಸಿಗುತ್ತದೆ, ಅರೆಕ್ಷಣ ತಡವಾದರೆ ಇಲ್ಲ. ಆ ತೀರದ ಮೀನು ದಿನವೂ ತಿನ್ನುವ ಊಟವೇ ಅದು, ಹಾಗಾಗಿ ಅನುಮಾನ ಪಡುವುದಿಲ್ಲ.

ಮರಳ ದಡದ ಗಾಳದವರು ಹೆಚ್ಚಾಗಿ ಕಾಯುವುದು ಕಾಣೆ ಮೀನಿಗೆ. ಮಂಗಳೂರು ಶೈಲಿಯ ಹೋಟೆಲುಗಳಲ್ಲಿ ರವೆ ಹಚ್ಚಿ ಹುರಿದು ಕೊಡುತ್ತಾರಲ್ಲ, ಅದೇ. ಮೈ ತೆಳುವು, ಮೂತಿ ಚೂಪು, ಬಾಯಿ ಚಿಕ್ಕದು, ಆದ್ದರಿಂದ ಕೊಕ್ಕೆಯೂ ಚಿಕ್ಕದಿರಬೇಕು. ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. ಬಲೆಯ ಅಡಿಯಿಂದ ಹೀಗೆ ತಪ್ಪಿಸಿಕೊಂಡ ಕಾಣೆ ಒಂದು ಹುಳದ ಆಸೆಗೆ ಗಾಳಕ್ಕೆ ಬೀಳುತ್ತದೆ. ರಾವಸ ಸಿಕ್ಕಿದ ದಿನ ಹಬ್ಬ. ಶೇಡೆ ಸಿಕ್ಕಿದರೆ ಎಚ್ಚರ, ಬೆನ್ನಿನ ಮೇಲೂ ಎರಡು ಪಕ್ಕಗಳಲ್ಲೂ ಗರಗಸದಂಥ ವಿಷದ ಮುಳ್ಳಿರುತ್ತದೆ. ಶೇಡೆಯ ಸಂಸಾರ ವಿಚಿತ್ರ: ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಮೀನು ಬಾಯಿಯಲ್ಲಿ ಇಟ್ಟುಕೊಂಡು, ಮರಿಯಾಗುವವರೆಗೆ ಉಪವಾಸವಿದ್ದು ಕಾಯುತ್ತದೆ. 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬಲೆ ಬಂದ ಮೇಲೆ, ಬಾಯಲ್ಲಿ ಮೊಟ್ಟೆ ಹೊತ್ತಿದ್ದ ಈ ಗಂಡುಗಳ ಹಿಂಡಿಗೆ ಹಿಂಡೇ ಬಲೆಗೆ ಬಿದ್ದವು. ಒಂದು ಮೀನು ಹಿಡಿದರೆ ಅದರ ಬಾಯೊಳಗಿನ ಮರಿಗಳೂ ಹೋದವು. ಕರ್ನಾಟಕದ ಶೇಡೆ ಕುಸಿದದ್ದಕ್ಕೆ ವಿಜ್ಞಾನಿಗಳು ಇದನ್ನೇ ಮುಖ್ಯ ಕಾರಣವಾಗಿ ಬರೆದಿದ್ದಾರೆ. ದಡದಿಂದ ನೂರರ ಆಸುಪಾಸು ಜನ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆ ಮೂಲೆ ಸೇರಿದ್ದೂ ಅದೇ ಕಾಲದಲ್ಲಿ. ಕೈರಂಪಣಿಯೆಂಬ ಚಿಕ್ಕ ರೂಪ ಈಗಲೂ ಅಲ್ಲಲ್ಲಿ ಉಳಿದಿದೆ. ಗಾಳಕ್ಕೆ ಮಾತ್ರ ಏನೂ ಆಗಲಿಲ್ಲ. ಅಷ್ಟು ಸಣ್ಣದರ ಜೊತೆ ಸ್ಪರ್ಧೆಗೆ ಯಾರು ಬರುತ್ತಾರೆ?

ಹೊತ್ತಿನ ಲೆಕ್ಕವೂ ಇದೆ. ಉಬ್ಬರ-ಇಳಿತ ದಿನಕ್ಕೆ ಎರಡು ಬಾರಿ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ. ಮಂಗಳೂರಿನ ಕಡೆ ನೀರು ಒಂದೂವರೆ ಮೀಟರಿನಷ್ಟು ಏರಿಳಿಯುತ್ತದೆ, ಕಾರವಾರದ ಕಡೆ ಎರಡು ಮೀಟರಿನ ಆಸುಪಾಸು. ನೀರು ಏರುವಾಗ ಮೀನು ದಡಕ್ಕೆ ಹತ್ತಿರ ಬರುತ್ತದೆ. ಇಳಿಯುವಾಗ ಓಣಿಯ ನೀರೆಲ್ಲ ಬಾಗಿಲಿಗೆ ನುಗ್ಗುತ್ತದೆ, ಸೆಳವು ಹೆಚ್ಚು ಜೋರಾಗುವುದು ಆಗಲೇ. ಬೆಳಿಗ್ಗೆ ಮಕ್ಕಳು ಆಡಿ ಬಂದ ಜಾಗವೇ ಮಧ್ಯಾಹ್ನ ಬೇರೆಯದಾಗಿರಬಹುದು. ಕಳೆದ ವರ್ಷ ನೋಡಿದ್ದ ದಿಣ್ಣೆಯಂತೂ ಈ ವರ್ಷ ಅಲ್ಲಿರುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಅಲೆ ದಡದ ಮರಳನ್ನು ಒಯ್ಯುತ್ತದೆ, ಆಮೇಲೆ ಮೇ ತಿಂಗಳವರೆಗೆ ಸ್ವಲ್ಪ ಸ್ವಲ್ಪವೇ ತಂದು ಕಟ್ಟುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಅಳಿವೆಗಳ ದಂಡೆಯಲ್ಲಿ ಕೊಡೆ ಹಿಡಿದು ಗಾಳ ಹಾಕುವವರ ಸಾಲೇ ಇರುತ್ತದೆ. ಅವರ ಹೊಸ ವರ್ಷದ ನಕ್ಷೆ ಶುರುವಾಗುವುದು ಮಳೆ ನಿಂತ ಮೇಲೆ. ಗಾಳದವರು ತೀರಕ್ಕೆ ಬಂದ ಕೂಡಲೇ ದಾರ ಬಿಚ್ಚುವುದಿಲ್ಲ. ಬೀಡಿ ಹಚ್ಚಿ, ಎತ್ತರದ ಮರಳಿನ ಮೇಲೆ ಕುಳಿತು, ಹತ್ತು ಹದಿನೈದು ನಿಮಿಷ ಸುಮ್ಮನೆ ನೀರು ನೋಡುತ್ತಾರೆ. ನಾನು ಅದನ್ನು ಸೋಮಾರಿತನ ಎಂದುಕೊಂಡಿದ್ದೆ!

2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರ ಮಕ್ಕಳು ಮುರುಡೇಶ್ವರಕ್ಕೆ ಪ್ರವಾಸ ಹೋಗಿದ್ದರು. ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ತಾವೆಲ್ಲ ಓದಿದ್ದೀರಿ. ಆ ರಾತ್ರಿ ನಾನು ಕಚೇರಿಯಲ್ಲಿದ್ದೆ. ಕೋಲಾರ ಜಿಲ್ಲೆಯೂ ನಮ್ಮ ಹಾಗೆಯೇ ಕೆರೆಗಳ ಸೀಮೆ. ಅಲ್ಲಿನ ಮಕ್ಕಳ ಕಣ್ಣಿಗೂ ನೀರೆಂದರೆ ನಿಂತ ನೀರು. ಸುದ್ದಿಯ ಪ್ರತಿಗಳಲ್ಲಿ 'ಅಲೆಗಳ ಅಬ್ಬರಕ್ಕೆ ಸಿಲುಕಿ' ಎಂಬ ಸಾಲು ಇಂಥ ಸಂದರ್ಭದಲ್ಲೆಲ್ಲ ತಾನಾಗಿಯೇ ಬಂದುಬಿಡುತ್ತದೆ. ನಾನೂ ಎಷ್ಟೋ ಸಲ ಬರೆದಿದ್ದೇನೆ. ಈಗ ಬರೆಯಲು ಕೈ ಬರುವುದಿಲ್ಲ. ಅಬ್ಬರಿಸುವ ಅಲೆಗೆ ಎಲ್ಲರೂ ಹೆದರಿ ದೂರ ಇರುತ್ತಾರೆ. ಜನ ನಂಬಿ ಇಳಿಯುವುದು ಅಬ್ಬರವಿಲ್ಲದ ಕಡೆಗೆ. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಕಡಲತೀರಕ್ಕೆ ಬಂದವರಿಗೆ ಚಿತ್ರ ತೋರಿಸಿ, ಇದರಲ್ಲಿ ಸುರಕ್ಷಿತ ಜಾಗ ಯಾವುದು ಎಂದು ಕೇಳಿದಾಗಲೂ ಬಹಳ ಜನ ಬೆರಳಿಟ್ಟದ್ದು ಸೆಳವಿನ ಮೇಲೆಯೇ. ನಮ್ಮವರಷ್ಟೇ ದಡ್ಡರು ಎಂದೇನಲ್ಲ.

ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಸೆಳವು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗಿಸುವುದು ದಡದ ಕಡೆಗೇ ಈಜಿ ಈಜಿ ಬರುವ ಸುಸ್ತು ಮತ್ತು ಗಾಬರಿ. ಮೇಲೆ ತೇಲುತ್ತ ಕೈ ಎತ್ತಿ ಕೂಗಬೇಕು. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಬೇಕು. ಅಲೆ ಒಡೆಯುವ ಗೆರೆ ದಾಟಿದ ಮೇಲೆ ಸೆಳವಿನ ಬಲ ತಾನೇ ಕುಂದುತ್ತದೆ. ದಡದಲ್ಲಿರುವವರು ಹಿಂದೆಯೇ ಧುಮುಕಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋದ ಸುದ್ದಿಗಳು ಪ್ರತಿ ವರ್ಷ ನಮ್ಮ ಮೇಜಿಗೆ ಬರುತ್ತವೆ. ತೇಲುವ ಏನನ್ನಾದರೂ ಎಸೆಯಿರಿ: ಖಾಲಿ ಕ್ಯಾನ್, ಚೆಂಡು, ಹಗ್ಗ. ಜೀವರಕ್ಷಕರು ಇರುವ ತೀರದಲ್ಲಿ ಅವರು ಬೇಡವೆಂದರೆ ಬೇಡ.

ಮತ್ತೆ, ತೀರದಲ್ಲಿ ಗಾಳದವರು ಕಂಡರೆ ಅವರ ದಾರ ಎಲ್ಲಿ ಬೀಳುತ್ತಿದೆ ನೋಡಿ. ಐದು ನಿಮಿಷ ನಿಂತು ಮಾತನಾಡಿಸಿ. "ಇಲ್ಲಿ ಮಕ್ಕಳನ್ನು ಎಲ್ಲಿ ಆಡಿಸಬಹುದು?" ಎಂದು ಕೇಳಿದರೆ ಯಾರೂ ಬೇಸರಿಸುವುದಿಲ್ಲ. "ಮೀನು ಎಷ್ಟು ಸಿಕ್ಕಿತು?" ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ.

ನಾನು ಬೈಂದೂರು ಬಿಟ್ಟು ಬರುವ ದಿನ ಆ ಹಿರಿಯರು ತಮ್ಮ ಹಳೆಯ ಸೀಸದ ಗುಂಡೊಂದನ್ನು ಕೊಟ್ಟರು. ಕಾರಣ ಕೇಳಿದ್ದಕ್ಕೆ, "ನಿಮ್ಮ ಕೆರೆಗೆ ಇದು ಭಾರವಾಯಿತು, ಆದರೂ ಇರಲಿ" ಎಂದರು. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕುಳಿತಿದೆ. ಇವತ್ತು ತಂದಿದ್ದೇನೆ, ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು, ಆಮೇಲೆ ಕೈ ತೊಳೆದುಕೊಳ್ಳಿ, ಸೀಸ ಅದು. ಮುಂದಿನ ಸಾಲಿನ ಹುಡುಗ ಆಗಲಿಂದ ಕೈ ಎತ್ತಿಕೊಂಡೇ ಇದ್ದಾನೆ, ಮೊದಲ ಪ್ರಶ್ನೆ ಅವನದೇ ಆಗಲಿ.